ಎರಡು ದ್ರಾಕ್ಮಾ: ರೋಮಿನ ಯಹೂದಿ ತೆರಿಗೆ, ಜಿಝ್ಯಾ ಮತ್ತು ನಮ್ಮ ದಖ್ಖನ್

ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೆ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. ತರಗತಿಯಲ್ಲಿ, ಬಸ್ಸಿನಲ್ಲಿ, ಈಗಂತೂ ಮೊಬೈಲಿನಲ್ಲಿ: “ನಿಮ್ಮ ಬಾದಶಹರು ಬೇರೆ ಧರ್ಮದವರ ಮೇಲೆ ತಲೆಗಂದಾಯ ಹಾಕಿದ್ದರಲ್ಲ?” ಉತ್ತರ ತಿಳಿಯದೆ ಸುಮ್ಮನಾಗುವವರಿದ್ದಾರೆ. ಸಿಟ್ಟಿಗೇಳುವವರಿದ್ದಾರೆ. ಅದೆಲ್ಲ ಬರೀ ಸುಳ್ಳು ಎಂದು ತಳ್ಳಿಹಾಕುವವರೂ ಇದ್ದಾರೆ. ಈ ಮೂರೂ ದಾರಿ ನಮಗೆ ಬೇಡ. ಹುಬ್ಬಳ್ಳಿ, ಧಾರವಾಡ ಎರಡೂ 1685ರಲ್ಲಿ ಮೊಗಲರ ಕೈಗೆ ಬಂದವು, ಮರುವರ್ಷ ಬಿಜಾಪುರವೇ ಬಿತ್ತು. ಆಗ ದಿಲ್ಲಿಯ ತಖ್ತಿನಲ್ಲಿದ್ದ ಔರಂಗಜೇಬನ ಆಡಳಿತದಲ್ಲಿ ಜಿಝ್ಯಾ ಜಾರಿಯಲ್ಲಿತ್ತು. ಅಂದರೆ ಈ ಪ್ರಶ್ನೆ ನಮ್ಮ ಊರಿನದೂ ಹೌದು.

ಆದರೆ ಒಂದು ತೆರಿಗೆ ಯಾವಾಗ ಬರೀ ತೆರಿಗೆಯಾಗಿರುತ್ತದೆ, ಯಾವಾಗ ಅವಮಾನವಾಗುತ್ತದೆ ಎಂದು ಅಳೆಯಲು ನಮಗೊಂದು ಅಳತೆಗೋಲು ಬೇಕು. ಆ ಕೋಲು ಇನ್ನೂ ಹಳೆಯ ಕಾಲದಲ್ಲಿ ಸಿಗುತ್ತದೆ, ರೋಮನ್ನರು ಯಹೂದಿಗಳ ಮೇಲೆ ಹಾಕಿದ ಎರಡು ದ್ರಾಕ್ಮಾದ ತೆರಿಗೆಯಲ್ಲಿ. ನಮ್ಮ ‘ದಿರ್ಹಮ್’ ಎಂಬ ಶಬ್ದ ಬಂದದ್ದೇ ಗ್ರೀಕರ ಈ ‘ದ್ರಾಕ್ಮಾ’ದಿಂದ. ‘ದೀನಾರ್’ ರೋಮನ್ನರ ‘ದಿನಾರಿಯಸ್’ನಿಂದ. ನಾಣ್ಯಗಳು ಸಾಮ್ರಾಜ್ಯಗಳ ಗಡಿ ದಾಟಿದಂತೆ ತೆರಿಗೆಯ ಪದ್ಧತಿಗಳೂ ದಾಟಿವೆ.

ಮೊದಲು ಆ ಎರಡು ದ್ರಾಕ್ಮಾ ಏನೆಂದು ನೋಡೋಣ. ಯಹೂದಿ ಗಂಡಸರು ಇಪ್ಪತ್ತು ವರ್ಷ ದಾಟಿದ ಮೇಲೆ ಪ್ರತಿವರ್ಷ ಅರ್ಧ ಶೆಕೆಲ್ ಬೆಳ್ಳಿಯನ್ನು ಜೆರುಸಲೇಮಿನ ದೇವಾಲಯಕ್ಕೆ, ಅಂದರೆ ನಾವು ಬೈತುಲ್ ಮಕ್ದಿಸ್ ಎಂದು ಕರೆಯುವ ಊರಿನ ಆರಾಧನಾಲಯಕ್ಕೆ, ಕಳುಹಿಸುತ್ತಿದ್ದರು. ಅರ್ಧ ಶೆಕೆಲ್ ಎಂದರೆ ಎರಡು ದ್ರಾಕ್ಮಾ, ರೋಮನ್ ಲೆಕ್ಕದಲ್ಲಿ ಎರಡು ದಿನಾರಿಯಸ್. ಕೂಲಿಯವನ ಸುಮಾರು ಎರಡು ದಿನದ ಸಂಬಳ. ಬಡವನೂ ಅಷ್ಟೇ, ಸಾಹುಕಾರನೂ ಅಷ್ಟೇ. ಇದು ಯಾವ ರಾಜನೂ ಹಾಕಿದ್ದಲ್ಲ. ಅವರ ಶರೀಅತ್ತಿನ ವಿಧಿ, ಅವರೇ ಇಷ್ಟಪಟ್ಟು ಕೊಡುತ್ತಿದ್ದ ಹಣ. ಈಜಿಪ್ತ್, ತುರ್ಕಿ, ರೋಮ್ ಹೀಗೆ ದೂರ ದೂರದಲ್ಲಿ ನೆಲೆಸಿದವರು ಊರೂರಿನಲ್ಲಿ ಹಣ ಕೂಡಿಸಿ, ಕಾವಲಿನೊಂದಿಗೆ ಕಳುಹಿಸುತ್ತಿದ್ದರು.

ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಜೆರುಸಲೇಮನ್ನು ಹಿಡಿದ. ಅಂದಿನಿಂದ ಕಪ್ಪಕಾಣಿಕೆ ಶುರುವಾಯಿತು. ಆದರೂ ಮೊದಲ ನೂರು ವರ್ಷ ರೋಮ್ ಯಹೂದಿಗಳ ವಿಷಯದಲ್ಲಿ ಒಂದು ಮಟ್ಟಕ್ಕೆ ಉದಾರವಾಗಿಯೇ ಇತ್ತು ಎನ್ನಬೇಕು. ಭೂಮಿಯನ್ನು ಬಿತ್ತದೆ ಬಿಡುವ ಏಳನೆಯ ವರ್ಷದಲ್ಲಿ ಅವರಿಂದ ಕಂದಾಯ ಕೇಳಬಾರದೆಂದು ಜೂಲಿಯಸ್ ಸೀಸರ್ ಆಜ್ಞೆ ಮಾಡಿದ್ದ. ದೇವಾಲಯಕ್ಕೆ ಹೋಗುವ ಹಣವನ್ನು ಯಾರೂ ಮುಟ್ಟಬಾರದೆಂದು ಅವನ ನಂತರ ಆಗಸ್ಟಸ್ ಕಟ್ಟಪ್ಪಣೆ ಮಾಡಿದ. ಅಂಥ ಅಪ್ಪಣೆ ಬೇಕಾಗಿತ್ತು ಕೂಡ, ಏಕೆಂದರೆ ಅದಕ್ಕೂ ಮೊದಲು ಏಷ್ಯಾ ಪ್ರಾಂತದ ಗವರ್ನರ್ ಫ್ಲಾಕಸ್ ಎಂಬವನು ಯಹೂದಿಗಳ ಚಿನ್ನವನ್ನು ಮುಟ್ಟುಗೋಲು ಹಾಕಿದ್ದ. ಕ್ರಿ.ಪೂ. 59ರಲ್ಲಿ ಅವನ ಮೇಲೆ ಮೊಕದ್ದಮೆ ನಡೆದಾಗ ಅವನ ಪರ ವಕಾಲತ್ತು ವಹಿಸಿದವನು ಪ್ರಸಿದ್ಧ ವಾಗ್ಮಿ ಸಿಸೆರೊ. ವಕೀಲರ ಜಾಣತನ ಆಗಲೂ ಇತ್ತು.

ಕ್ರಿ.ಶ. 6ರಲ್ಲಿ ಯಹೂದಿಯ ನಾಡು ನೇರವಾಗಿ ರೋಮಿನ ಆಡಳಿತಕ್ಕೆ ಬಂತು. ಸಿರಿಯಾದ ಗವರ್ನರ್ ಕ್ವಿರಿನಿಯಸ್ ಜನರನ್ನೂ ಆಸ್ತಿಯನ್ನೂ ಎಣಿಸಲು ಬಂದ. ಎಣಿಕೆ ಎಂದರೆ ತೆರಿಗೆಗೆ ಪೀಠಿಕೆ ಎಂದು ಜನರಿಗೆ ತಿಳಿದಿತ್ತು. ಗಲಿಲೇಯದ ಜೂದಾಸ್ ಎಂಬವನು, ದೇವನೊಬ್ಬನೇ ಒಡೆಯನಾಗಿರುವಾಗ ಸೀಸರನಿಗೆ ತಲೆಗಂದಾಯ ಕೊಡುವುದು ಗುಲಾಮಗಿರಿ ಎಂದು ಸಾರಿ ದಂಗೆ ಎಬ್ಬಿಸಿದ. ದಂಗೆ ಅಡಗಿತು, ಮಾತು ಉಳಿಯಿತು. ಅರವತ್ತು ವರ್ಷದ ನಂತರ, ಕ್ರಿ.ಶ. 66ರಲ್ಲಿ, ಫ್ಲೋರಸ್ ಎಂಬ ರೋಮನ್ ಅಧಿಕಾರಿ ದೇವಾಲಯದ ಖಜಾನೆಗೇ ಕೈಹಾಕಿ ಹದಿನೇಳು ತಲಾಂತು ಬೆಳ್ಳಿ ಎತ್ತಿಕೊಂಡ. ಕಿಡಿ ಹತ್ತಿಕೊಂಡಿತು. ನಾಲ್ಕು ವರ್ಷದ ಯುದ್ಧದ ಕೊನೆಗೆ, ಕ್ರಿ.ಶ. 70ರಲ್ಲಿ, ಚಕ್ರವರ್ತಿ ವೆಸ್ಪೇಸಿಯನ್ನನ ಮಗ ಟೈಟಸ್ ಜೆರುಸಲೇಮನ್ನು ಸುಟ್ಟ. ದೇವಾಲಯ ನೆಲಸಮವಾಯಿತು.

ಇನ್ನು ಮುಖ್ಯ ಸಂಗತಿಗೆ ಬರೋಣ. ದೇವಾಲಯವೇ ಇಲ್ಲದ ಮೇಲೆ ಅರ್ಧ ಶೆಕೆಲ್ ಯಾರಿಗೆ? ವೆಸ್ಪೇಸಿಯನ್ ಹೇಳಿದ: ಆ ಹಣ ಇನ್ನು ಮುಂದೆ ರೋಮಿನ ಜ್ಯೂಪಿಟರ್ ದೇವರಿಗೆ. ರೋಮಿನ ಗುಡ್ಡದ ಮೇಲಿದ್ದ ಜ್ಯೂಪಿಟರ್ ಗುಡಿ ಕ್ರಿ.ಶ. 69ರ ಅಂತಃಕಲಹದಲ್ಲಿ ಸುಟ್ಟುಹೋಗಿತ್ತು, ಅದನ್ನು ಮತ್ತೆ ಕಟ್ಟಬೇಕಾಗಿತ್ತು. ಒಬ್ಬನೇ ದೇವನನ್ನು ನಂಬುವ ಜನ ತಮ್ಮ ಆರಾಧನಾಲಯಕ್ಕೆ ಕೊಡುತ್ತಿದ್ದ ಅದೇ ಮೊತ್ತವನ್ನು, ಆ ಆರಾಧನಾಲಯವನ್ನು ಕೆಡವಿದವರ ವಿಗ್ರಹಕ್ಕೆ ಪ್ರತಿವರ್ಷ ಕೊಡಬೇಕು! ಮೊತ್ತ ಹೆಚ್ಚಾಗಲಿಲ್ಲ. ಬದಲಾದದ್ದು ಅದು ತಲುಪುವ ಜಾಗ. ಓದುಗರು ಒಂದು ಕ್ಷಣ ಯೋಚಿಸಲಿ: ನಮ್ಮ ಝಕಾತಿನ ಹಣವನ್ನು ಯಾರಾದರೂ ಹಾಗೆ ತಿರುಗಿಸಿದರೆ ಹೇಗಿರುತ್ತದೆ? ಎಷ್ಟು ಕೊಟ್ಟೆವು ಎಂಬುದಲ್ಲ, ಏತಕ್ಕೆ ಕೊಡಬೇಕಾಯಿತು ಎಂಬುದೇ ಸುಡುತ್ತದೆ.

ಕೊಡಬೇಕಾದವರ ಸಂಖ್ಯೆಯೂ ಬೆಳೆಯಿತು. ಮೊದಲು ಬೆಳೆದ ಗಂಡಸರು ಮಾತ್ರ ಕೊಡುತ್ತಿದ್ದರು. ಈಗ ಹೆಂಗಸರು, ಮೂರು ವರ್ಷ ದಾಟಿದ ಮಕ್ಕಳು, ಮನೆಯ ಗುಲಾಮರು ಎಲ್ಲರೂ. ಇದು ಊಹೆಯಲ್ಲ. ಈಜಿಪ್ತಿನ ಅರ್ಸಿನೋಯಿ ಊರಿನ ಕ್ರಿ.ಶ. 73ರ ಒಂದು ಲೆಕ್ಕಪತ್ರದಲ್ಲಿ ಅರವತ್ತು ದಾಟಿದ ಹೆಂಗಸಿನ ಹೆಸರಿದೆ, ಎಳೆಯ ಮಕ್ಕಳ ಹೆಸರಿದೆ. ಎಡ್ಫು ಎಂಬ ಊರಿನಲ್ಲಿ ಒಡೆದ ಮಡಕೆ ಚೂರುಗಳ ಮೇಲೆ ಬರೆದ ಪಾವತಿಗಳು ಸಿಕ್ಕಿವೆ. ನಮ್ಮಲ್ಲಿ ಮನೆಪಟ್ಟಿ ತುಂಬಿದ ಪಾವತಿಯನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತೇವಲ್ಲ, ಹಾಗೆ ಅವರು ಚೂರುಗಳನ್ನು ಇಟ್ಟುಕೊಂಡಿದ್ದರು. ಈಜಿಪ್ತಿನ ಹಗುರ ನಾಣ್ಯದಲ್ಲಿ ತಲೆಗೆ ಎಂಟು ದ್ರಾಕ್ಮಾ, ಅದರ ಮೇಲೆ ಚಿಲ್ಲರೆ, ಮತ್ತೊಂದು ದ್ರಾಕ್ಮಾ ‘ಮೊದಲ ಫಲ’ದ ಹೆಸರಿನಲ್ಲಿ. ಅಲ್ಲಿ ಸಿಕ್ಕ ಕೊನೆಯ ಪಾವತಿ ಕ್ರಿ.ಶ. 116ರದು, ಒಬ್ಬ ಸೇನಾಧಿಕಾರಿಯ ಮನೆಯ ಗುಲಾಮನ ಹೆಸರಿನಲ್ಲಿ. ಐದಾರು ಜನರ ಬಡ ಮನೆಗೆ ಇದು ಸಣ್ಣ ಹೊರೆಯಾಗಿರಲಿಲ್ಲ.

ವೆಸ್ಪೇಸಿಯನ್ನನ ಕಿರಿಯ ಮಗ ಡೊಮಿಷಿಯನ್ (ಕ್ರಿ.ಶ. 81-96) ಪಟ್ಟಕ್ಕೆ ಬಂದ ಮೇಲೆ ವಸೂಲಿ ಇನ್ನೂ ಬಿಗಿಯಾಯಿತು. ಯಹೂದಿಗಳಂತೆ ಬದುಕುತ್ತ ಅದನ್ನು ಹೇಳಿಕೊಳ್ಳದವರು, ಯಹೂದಿ ಮೂಲವನ್ನು ಮುಚ್ಚಿಟ್ಟವರು, ಇಬ್ಬರನ್ನೂ ಹುಡುಕತೊಡಗಿದರು. ಚಾಡಿ ಹೇಳುವವರಿಗೆ ಸುಗ್ಗಿ. ಸುಯೆಟೋನಿಯಸ್ ಎಂಬ ಚರಿತ್ರಕಾರ ತಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾನೆ: ತೊಂಬತ್ತು ವರ್ಷದ ಮುದುಕನೊಬ್ಬನನ್ನು ಜನ ತುಂಬಿದ ಕಚೇರಿಯಲ್ಲಿ ನಿಲ್ಲಿಸಿ, ಅವನಿಗೆ ಖತ್ನಾ ಆಗಿದೆಯೇ ಎಂದು ಬಟ್ಟೆ ಬಿಚ್ಚಿಸಿ ನೋಡಿದರು. ದೇಶ ವಿಭಜನೆಯ ಕಾಲದ ದಂಗೆಗಳಲ್ಲಿ ಇದೇ ಪರೀಕ್ಷೆ ನಮ್ಮ ದೇಶದ ಬೀದಿಗಳಲ್ಲಿ ನಡೆದದ್ದನ್ನು ಕೇಳಿ ಬೆಳೆದ ನಮಗೆ ಆ ಮುದುಕನ ಮುಖ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಫೆಲೆಸ್ತೀನಿನ ಇಂದಿನ ನೋವನ್ನು ಎದೆಯಲ್ಲಿಟ್ಟುಕೊಂಡು ಇದನ್ನು ಓದುವವರಿದ್ದೀರಿ. ಆ ನೋವು ನಿಜ. ಆದರೆ ಎರಡು ಸಾವಿರ ವರ್ಷದ ಹಿಂದೆ ಬೆತ್ತಲಾಗಿ ನಿಂತ ಆ ಅಜ್ಜನಿಗೆ ಅದರಲ್ಲಿ ಪಾಲಿಲ್ಲ.

ಡೊಮಿಷಿಯನ್ನನ ಕೊಲೆಯಾದ ಮೇಲೆ ಬಂದ ನೆರ್ವಾ, ಕ್ರಿ.ಶ. 96ರಲ್ಲೇ ಒಂದು ನಾಣ್ಯ ಹೊರಡಿಸಿದ. ಅದರ ಮೇಲೆ ಖರ್ಜೂರದ ಮರ, ಸುತ್ತ ಯಹೂದಿ ತೆರಿಗೆಯ ಹೆಸರಿನಲ್ಲಿ ನಡೆಯುತ್ತಿದ್ದ ಸುಳ್ಳು ದೂರುಗಳನ್ನು ತೆಗೆದುಹಾಕಲಾಗಿದೆ ಎಂಬ ಬರಹ. ತೆರಿಗೆಯನ್ನು ತೆಗೆದುಹಾಕಿದ್ದಲ್ಲ, ಗಮನಿಸಿ. ಕಿರುಕುಳ ನಿಂತಿತು, ಎರಡು ದ್ರಾಕ್ಮಾ ಮುಂದುವರಿಯಿತು. ಕ್ರಿ.ಶ. 132ರಿಂದ 135ರ ತನಕ ಬರ್ ಕೊಖ್ಬನ ದಂಗೆ ನಡೆದು ಅಡಗಿದ ಮೇಲೆ ಚಕ್ರವರ್ತಿ ಹ್ಯಾಡ್ರಿಯನ್ ಯಹೂದಿಗಳಿಗೆ ಜೆರುಸಲೇಮಿನೊಳಗೆ ಕಾಲಿಡುವುದನ್ನೇ ನಿಷೇಧಿಸಿದ, ಊರಿನ ಹೆಸರನ್ನೂ ಬದಲಿಸಿದ. ಮೂರನೆಯ ಶತಮಾನದಲ್ಲೂ ಆ ತೆರಿಗೆ ನಡೆಯುತ್ತಿತ್ತೆಂದು ಕ್ರೈಸ್ತ ವಿದ್ವಾಂಸ ಆರಿಜೆನ್ ಹೇಳುತ್ತಾನೆ. ರೋಮ್ ಕ್ರೈಸ್ತವಾದ ಮೇಲಾದರೂ ಪಾಠ ಕಲಿಯಿತೇ? ಇಲ್ಲ. ಯಹೂದಿಗಳು ತಮ್ಮ ಧರ್ಮಗುರುವಿಗೆ ಕಳುಹಿಸುತ್ತಿದ್ದ ಕಾಣಿಕೆಯನ್ನು, ಆ ಗುರುಪೀಠ ಮುಗಿದ ಮೇಲೆ, ಕ್ರಿ.ಶ. 429ರಲ್ಲಿ ಸರಕಾರವೇ ತನ್ನ ಖಜಾನೆಗೆ ತಿರುಗಿಸಿಕೊಂಡಿತು. ಅದೇ ಹಳೆಯ ಉಪಾಯ.

ಈಗ ಇಸ್ಲಾಮಿನ ಕಾಲಕ್ಕೆ ಬರೋಣ. ಜಿಝ್ಯಾದ ಮಾತು ಕುರ್‌ಆನಿನ ಸೂರಃ ತೌಬಾದಲ್ಲಿ ಬರುತ್ತದೆ. ಪ್ರವಾದಿ(ಸ)ರು ಮುಆದ್(ರ)ರನ್ನು ಯಮನಿಗೆ ಕಳುಹಿಸಿದಾಗ ಮುಸ್ಲಿಮೇತರ ವಯಸ್ಕನಿಗೆ ಒಂದು ದೀನಾರಿನಂತೆ ಪಡೆಯಲು ಹೇಳಿದರೆಂದು ಹದೀಸಿನಲ್ಲಿದೆ. ಖಲೀಫಾ ಉಮರ್(ರ)ರ ಕಾಲದಲ್ಲಿ ಇರಾಕಿನಲ್ಲಿ ಅನುಕೂಲಸ್ಥನಿಗೆ 48, ಮಧ್ಯಮನಿಗೆ 24, ದುಡಿಯುವವನಿಗೆ 12 ದಿರ್ಹಮ್ ಎಂದು ಮೂರು ದರ್ಜೆಗಳಾದವು. ರೋಮಿನ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹಿಡಿಯಬೇಕು. ಹೆಂಗಸರು, ಮಕ್ಕಳು, ಮುದುಕರು, ಅಂಗವಿಕಲರು, ಗತಿಯಿಲ್ಲದವರು, ಮಠವಾಸಿ ಸನ್ಯಾಸಿಗಳು ಇವರಾರೂ ಕೊಡಬೇಕಾಗಿರಲಿಲ್ಲ. ಆ ಹಣ ಯಾರದೋ ವಿಗ್ರಹಕ್ಕೆ ಹೋಗುತ್ತಿರಲಿಲ್ಲ, ಅವರ ಆರಾಧನಾಲಯದ ಹಣವನ್ನು ಕಿತ್ತುಕೊಂಡದ್ದೂ ಆಗಿರಲಿಲ್ಲ. ರಕ್ಷಣೆಯ ಹೊಣೆಗೆ ಬದಲು ಪಡೆಯುವ ಹಣ ಎಂಬುದು ಅದರ ತರ್ಕ. ಮುಸ್ಲಿಮರು ಯುದ್ಧಕ್ಕೆ ಹೋಗಬೇಕು, ಝಕಾತ್ ಕೊಡಬೇಕು. ಇವರು ಜಿಝ್ಯಾ ಕೊಡಬೇಕು.

ಈ ತರ್ಕ ಬರೀ ಬಾಯಿಮಾತಾಗಿರಲಿಲ್ಲ ಎಂಬುದಕ್ಕೆ ಚರಿತ್ರಕಾರರು ಕೆಲವು ಸಂಗತಿಗಳನ್ನು ಕೊಡುತ್ತಾರೆ. ಯರ್ಮೂಕ್ ಯುದ್ಧದ ಮುನ್ನ ಹಿಂಸ್ ಪಟ್ಟಣವನ್ನು ಬಿಟ್ಟು ಹಿಂದೆ ಸರಿಯಬೇಕಾಗಿ ಬಂದಾಗ, ಇನ್ನು ರಕ್ಷಿಸಲಾರೆವು ಎಂದು ಮುಸ್ಲಿಮ್ ಸೇನೆ ಅಲ್ಲಿನ ಜನರಿಗೆ ಪಡೆದ ಹಣವನ್ನು ಹಿಂದಿರುಗಿಸಿತು. ಅಂತಾಕಿಯದ ಬಳಿಯ ಗುಡ್ಡಗಳ ಜರಾಜಿಮಾ ಎಂಬ ಕ್ರೈಸ್ತರು ಸೇನೆಗೆ ನೆರವಾಗಲು ಒಪ್ಪಿದ್ದಕ್ಕೆ ಅವರಿಗೆ ಜಿಝ್ಯಾ ಮಾಫಿಯಾಯಿತು. ಬನೂ ತಗ್ಲಿಬ್ ಎಂಬ ಕ್ರೈಸ್ತ ಅರಬ್ ಬುಡಕಟ್ಟಿನವರು ‘ಜಿಝ್ಯಾ’ ಎಂಬ ಹೆಸರೇ ತಮಗೆ ಅವಮಾನ, ಹಣ ಹೆಚ್ಚಾದರೂ ಚಿಂತೆಯಿಲ್ಲ ಎಂದರು. ಉಮರ್(ರ) ಹಟ ಹಿಡಿಯಲಿಲ್ಲ. ಹೆಸರು ಬಿಟ್ಟರು, ‘ಸದಕಾ’ ಎಂಬ ಹೆಸರಿನಲ್ಲಿ ಎರಡು ಪಟ್ಟು ಪಡೆದರು. ಹಣಕ್ಕಿಂತ ಹೆಸರು ಹೆಚ್ಚು ಚುಚ್ಚಬಲ್ಲದು ಎಂಬುದನ್ನು ಅವರು ಅರಿತಿದ್ದರು. ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ಯಹೂದಿ ಮುದುಕನ ಪ್ರಸಂಗ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಹಾರೂನ್ ರಶೀದರ ಕಾಲದ ಖಾಝಿ ಅಬೂ ಯೂಸುಫ್ ಅದನ್ನು ತಮ್ಮ ಕಂದಾಯದ ಗ್ರಂಥದಲ್ಲಿ ದಾಖಲಿಸಿದ್ದಾರೆ. ಜಿಝ್ಯಾ ಮತ್ತು ಹೊಟ್ಟೆಪಾಡಿಗಾಗಿ ಬೇಡುತ್ತಿದ್ದೇನೆ ಎಂದವನನ್ನು ಉಮರ್(ರ) ಮನೆಗೆ ಕರೆದೊಯ್ದು ಕೈಲಾದದ್ದು ಕೊಟ್ಟು, ಇಂಥವರಿಂದ ಏನನ್ನೂ ಕೇಳಬೇಡಿ, ಬೈತುಲ್ ಮಾಲಿನಿಂದ ಇವರಿಗೇ ಕೊಡಿ ಎಂದು ಖಜಾಂಚಿಗೆ ಹೇಳಿದರು. ಡೊಮಿಷಿಯನ್ನನ ಕಚೇರಿಯ ತೊಂಬತ್ತರ ಮುದುಕನ ಪಕ್ಕದಲ್ಲಿ ಈ ಮುದುಕನನ್ನು ನಿಲ್ಲಿಸಿ ನೋಡಬೇಕು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ನಮಗೆ ಹಿತವಾಗಿರುತ್ತದೆ. ಆದರೆ ಪೂರ್ತಿ ನಿಜವಾಗಿರುವುದಿಲ್ಲ.

ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಸಾವಿರ ವರ್ಷದ ಕಾಗದಗಳ ರಾಶಿ ಸಿಕ್ಕಿತು. ‘ಗೆನೀಝಾ’ ಎಂದು ಅದರ ಹೆಸರು. ಅದರಲ್ಲಿ ನಮ್ಮ ಕರ್ನಾಟಕಕ್ಕೆ ಸೇರಿದ ಒಬ್ಬ ಯಹೂದಿಯ ಪತ್ರಗಳೂ ಇವೆ. ಅವನ ಹೆಸರು ಅಬ್ರಹಾಂ ಬಿನ್ ಯಿಜು. ಟ್ಯುನೀಷಿಯಾದ ಮಹದಿಯ್ಯಾ ಊರಿನವನು. ಕ್ರಿ.ಶ. 1132ರ ಹೊತ್ತಿಗೆ ಮಂಗಳೂರಿಗೆ ಬಂದು, 1149ರವರೆಗೆ ಕರಾವಳಿಯಲ್ಲಿ ವ್ಯಾಪಾರ ಮಾಡಿದ. ಕಾಳುಮೆಣಸು, ಕಬ್ಬಿಣ, ಅಡಿಕೆ ಏಡನ್ನಿಗೆ ಹೋಗುತ್ತಿದ್ದವು. ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಇಟ್ಟಿದ್ದ. ಆಶು ಎಂಬ ಇಲ್ಲಿಯ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿದ ಪತ್ರ ಮಂಗಳೂರಿನಲ್ಲೇ 1132ರಲ್ಲಿ ಬರೆದದ್ದು. ಬೊಮ್ಮ ಎಂಬ ತುಳುನಾಡಿನ ಆಳು ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದ. ಯಹೂದಿ, ಮುಸ್ಲಿಮ್, ಹಿಂದೂ ವ್ಯಾಪಾರಿಗಳು ಒಂದೇ ಹಡಗಿನಲ್ಲಿ ಸರಕು ಹಾಕುತ್ತಿದ್ದ ಕಾಲ ಅದು.

ಆದರೆ ಅದೇ ಗೆನೀಝಾದ ರಾಶಿಯಲ್ಲಿ ಈಜಿಪ್ತಿನ ಬಡ ಯಹೂದಿಗಳ ಅರ್ಜಿಗಳೂ ಇವೆ. ಜಿಝ್ಯಾ ತುಂಬಲಾಗದೆ ಮನೆಯಲ್ಲಿ ಅಡಗಿ ಕುಳಿತವರು, ಜೈಲಿಗೆ ಹೋದವರು, ಸಾಲ ಮಾಡಿದವರು. ಬಡವರಿಗೆ ಮಾಫಿ ಎಂದು ಶರೀಅತ್ ಹೇಳುತ್ತಿತ್ತು. ಕಚೇರಿ ಹಾಗೆ ಹೇಳುತ್ತಿರಲಿಲ್ಲ. ತಮ್ಮವರಲ್ಲಿ ಕೈಲಾಗದವರ ಜಿಝ್ಯಾವನ್ನು ಸಮುದಾಯವೇ ಚಂದಾ ಎತ್ತಿ ತುಂಬುತ್ತಿತ್ತು. ಪಯಣ ಹೊರಟವನ ಕೈಯಲ್ಲಿ ಜಿಝ್ಯಾ ಕೊಟ್ಟ ಪಾವತಿ ಇಲ್ಲದಿದ್ದರೆ ದಾರಿಯಲ್ಲಿ ತೊಂದರೆ. ಎಡ್ಫುವಿನ ಮಡಕೆ ಚೂರು ಈಗ ಕಾಗದದ ಚೀಟಿಯಾಗಿತ್ತು, ಅಷ್ಟೇ. ಅಬೂ ಯೂಸುಫ್ ತಮ್ಮ ಗ್ರಂಥದಲ್ಲಿ, ಜಿಝ್ಯಾಕ್ಕಾಗಿ ಯಾರನ್ನೂ ಹೊಡೆಯಬಾರದು, ಬಿಸಿಲಲ್ಲಿ ನಿಲ್ಲಿಸಬಾರದು ಎಂದು ಖಲೀಫರಿಗೆ ಬರೆದಿದ್ದಾರೆ. ಅದನ್ನು ಓದುವಾಗ ಹೆಮ್ಮೆ ಪಡುತ್ತೇವೆ. ನಡೆಯದೇ ಇರುವುದನ್ನು ಯಾರೂ ಬೇಡವೆಂದು ಬರೆಯುವುದಿಲ್ಲ ಎಂಬುದೂ ನೆನಪಿರಲಿ. ಕೆಲವು ಫುಕಹಾಗಳು ಇನ್ನೂ ಮುಂದೆ ಹೋಗಿ, ಕೊಡುವವನು ತಲೆ ಬಗ್ಗಿಸಿ ನಿಂತಿರಬೇಕು, ಪಡೆಯುವವನು ಕುಳಿತಿರಬೇಕು ಎಂದೆಲ್ಲ ವಿಧಿ ಕಟ್ಟಿದರು. ಹದಿಮೂರನೆಯ ಶತಮಾನದ ಇಮಾಮ್ ನವವಿಯವರು ಇಂಥ ವಿಧಿಗಳಿಗೆ ಆಧಾರವೇ ಇಲ್ಲ ಎಂದು ಖಂಡಿಸಿದರು. ವಿರೋಧದ ದನಿ ಹೊರಗಿನಿಂದಲ್ಲ, ನಮ್ಮ ಇಮಾಮರಿಂದಲೇ ಬಂದಿತ್ತು.

ಇನ್ನು ನಮ್ಮ ದೇಶ. ಅಕ್ಬರ್ 1564ರಲ್ಲಿ ಜಿಝ್ಯಾ ತೆಗೆದುಹಾಕಿದ್ದ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1679ರ ಏಪ್ರಿಲ್ 2ರಂದು, ಔರಂಗಜೇಬ್ ಮತ್ತೆ ಹಾಕಿದ. ದರ ಅದೇ ಹಳೆಯದು, 12, 24, 48 ದಿರ್ಹಮ್. ಕೆಳಗಿನ ದರ್ಜೆಯವನಿಗೆ ವರ್ಷಕ್ಕೆ ಮೂರು ರೂಪಾಯಿ ಚಿಲ್ಲರೆ, ಅಂದರೆ ಒಬ್ಬ ಕೂಲಿಕಾರನ ಸುಮಾರು ಒಂದು ತಿಂಗಳ ಪಗಾರ. ಹೆಂಗಸರು, ಮಕ್ಕಳು, ಅಂಗವಿಕಲರು, ಸರಕಾರಿ ಚಾಕರಿಯಲ್ಲಿದ್ದವರು ಹೊರಗಿದ್ದರು ನಿಜ. ಆದರೆ ಮೇಲೆ ಹೇಳಿದ ತರ್ಕ ಇಲ್ಲಿ ನಿಲ್ಲುತ್ತದೆಯೇ? ಮುಸ್ಲಿಮರು ಝಕಾತ್ ಕೊಡುತ್ತಾರೆ, ಆದ್ದರಿಂದ ಇವರು ಜಿಝ್ಯಾ ಕೊಡಲಿ ಎಂಬುದು ತಾನೇ ವಾದ? ಅದೇ ಔರಂಗಜೇಬ್ 1665ರಲ್ಲಿ ಸರಕಿನ ಸುಂಕವನ್ನು ಮುಸ್ಲಿಮ್ ವ್ಯಾಪಾರಿಗಳಿಗೆ ನೂರಕ್ಕೆ ಎರಡೂವರೆ, ಹಿಂದೂ ವ್ಯಾಪಾರಿಗಳಿಗೆ ಐದು ಎಂದು ಗೊತ್ತುಮಾಡಿ, 1667ರಲ್ಲಿ ಮುಸ್ಲಿಮರಿಗೆ ಪೂರ್ತಿ ಮಾಫಿ ಮಾಡಿದ. ತಕ್ಕಡಿಯ ಒಂದು ಕಡೆಯ ತೂಕವನ್ನು ತಾನೇ ಎತ್ತಿಬಿಟ್ಟ ಮೇಲೆ ಇನ್ನೊಂದು ಕಡೆ ಹೊರೆ ಹೇರುವುದನ್ನು ಸಮತೋಲ ಎನ್ನಲಾಗದು. (ಮಾಫಿ ಸಿಕ್ಕ ಕೂಡಲೇ ಹಿಂದೂಗಳ ಸರಕನ್ನು ತಮ್ಮದೆಂದು ಹೇಳಿ ಸುಂಕ ತಪ್ಪಿಸಿ ಕಾಸು ಮಾಡಿಕೊಂಡ ಮುಸ್ಲಿಮ್ ವ್ಯಾಪಾರಿಗಳೂ ಇದ್ದರಂತೆ. ಬಾಜಾರು ಎಲ್ಲ ಕಾಲದಲ್ಲೂ ಬಾಜಾರೇ.)

ದಿಲ್ಲಿಯಲ್ಲಿ ಜನ ಜಾಮಿಯಾ ಮಸೀದಿಗೆ ಹೋಗುವ ದಾರಿಯಲ್ಲಿ ಬಾದಶಹನಿಗೆ ಅಡ್ಡ ನಿಂತು ಅಹವಾಲು ಹೇಳಿಕೊಂಡರು. ಅವರು ಸರಿಯದಿದ್ದಾಗ ಆನೆ, ಕುದುರೆಗಳನ್ನು ಗುಂಪಿನ ಮೇಲೆ ನುಗ್ಗಿಸಲಾಯಿತು ಎಂದು ಖಾಫೀ ಖಾನ್ ಬರೆಯುತ್ತಾನೆ. ಬರೆದವನು ಮುಸ್ಲಿಮ್ ಚರಿತ್ರಕಾರ ಎಂಬುದನ್ನು ನಮ್ಮ ಮಕ್ಕಳು ನೆನಪಿಟ್ಟುಕೊಳ್ಳಬೇಕು. ನಡೆದದ್ದು ಜುಮಾ ದಿನ. ದಖ್ಖನ್ನಿನ ಹೆಬ್ಬಾಗಿಲಾದ ಬುರಾನ್‌ಪುರದ ಲೆಕ್ಕ ಉಳಿದಿದೆ. ಇಡೀ ಊರಿನಿಂದ ವರ್ಷಕ್ಕೆ 26,000 ರೂಪಾಯಿ ಬರುತ್ತಿದ್ದಲ್ಲಿ, ಮೀರ್ ಅಬ್ದುಲ್ ಕರೀಂ ಎಂಬ ಬಿಗಿ ಅಧಿಕಾರಿ ಮೂರು ತಿಂಗಳಲ್ಲಿ ಅರ್ಧ ಊರಿನಿಂದಲೇ 1,08,000 ರೂಪಾಯಿ ಎತ್ತಿದ. ಇದನ್ನು ಓದಿ, ಉಮರ್(ರ)ರ ಕಾಲದಲ್ಲಿ ಬೈತುಲ್ ಮಾಲಿನಿಂದ ಪಾಲು ಪಡೆದ ಕುರುಡ ಮುದುಕನನ್ನು ನೆನೆದರೆ, ಹೆಸರು ಒಂದೇ ಆದರೂ ವಸ್ತು ಬೇರೆಯಾಗಿತ್ತು ಎನ್ನದೆ ವಿಧಿಯಿಲ್ಲ.

ಆದ್ದರಿಂದ ಕಾಲೇಜಿನ ಹುಡುಗ ಹುಡುಗಿಯರು ಹೀಗೆ ಉತ್ತರಿಸಬಹುದು: ಹೌದು, ಹಾಕಿದ್ದರು. ಅದಕ್ಕೊಂದು ನಿಯಮವಿತ್ತು, ನಿಯಮದಲ್ಲಿ ಬಡವನಿಗೆ ಜಾಗವಿತ್ತು. ನಿಯಮವನ್ನು ಪಾಲಿಸಿದವರೂ ಇದ್ದರು, ಮುರಿದವರೂ ಇದ್ದರು, ಮುರಿದದ್ದನ್ನು ನಮ್ಮವರೇ ಬರೆದಿಟ್ಟಿದ್ದಾರೆ. ರೋಮನ್ನರನ್ನು ಅಳೆದ ಕೋಲಿನಿಂದಲೇ ನಮ್ಮ ಬಾದಶಹರನ್ನೂ ಅಳೆಯಲು ನಾವು ಸಿದ್ಧ. ಹೀಗೆ ಹೇಳಿದರೆ ಕೇಳಿದವರು ಸಾಮಾನ್ಯವಾಗಿ ಕುಳಿತು ಮಾತಾಡುತ್ತಾರೆ.

ನಮ್ಮ ಕಡೆ ಇದು ಹೇಗೆ ಮುಗಿಯಿತು ಎಂಬುದನ್ನಷ್ಟು ಹೇಳಬೇಕು. ಮರಾಠರೊಡನೆ ಮುಗಿಯದ ಯುದ್ಧ, ಅದರ ಮೇಲೆ ಬರಗಾಲ. ಹೊಲಗಳು ಹಾಳು ಬಿದ್ದಿದ್ದವು. ಕೊನೆಗೆ 1704ರಲ್ಲಿ ಔರಂಗಜೇಬನೇ, ಯುದ್ಧ ಮುಗಿಯುವ ತನಕ ದಖ್ಖನ್ನಿನಲ್ಲಿ ಜಿಝ್ಯಾ ಬೇಡ ಎಂದು ಹುಕುಂ ಹೊರಡಿಸಿದ. ಮೂರು ವರ್ಷದ ನಂತರ ಅವನು ತೀರಿಕೊಂಡ, ಯುದ್ಧ ಮುಗಿದಿರಲಿಲ್ಲ. ದಿಲ್ಲಿಯಲ್ಲಿ ಅವನ ವಾರಸುದಾರರು ಒಮ್ಮೆ ತೆಗೆದು, 1717ರಲ್ಲಿ ಮತ್ತೆ ಹಾಕಿ, ಜಗ್ಗಾಡಿದರು. 1720ರಲ್ಲಿ ದಿಲ್ಲಿಯ ದವಸದ ವರ್ತಕರು ಅಂಗಡಿ ಮುಚ್ಚಿ ಕುಳಿತರು, ರಾಜಾ ಜೈಸಿಂಗ್ ಮತ್ತು ಗಿರಿಧರ ಬಹಾದೂರ್ ಮನವಿ ಮಾಡಿದರು, ಮುಹಮ್ಮದ್ ಷಾ ಬಾದಶಹ ಅದನ್ನು ರದ್ದು ಮಾಡಿದ.